ಕೋಟಿ ಬೆಲೆಯ ಕಾರಿನ ಕ್ಲಚ್ ಬೇಗ ಸವೆಯುವುದೇಕೆ? 'ರೇಸಿಂಗ್ ಕ್ಲಚ್' ಹಾಕಿಸಿದರೆ ಸರಿಹೋಗುತ್ತದೆಯೇ?

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೊ ಬಂತು. ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಸ್ಪೋರ್ಟ್ಸ್ ಕಾರೊಂದು ಪಾರ್ಕಿಂಗ್ ಏರನ್ನು ರಿವರ್ಸ್‌ನಲ್ಲಿ ಹತ್ತಲು ತಿಣುಕುತ್ತಿದೆ, ಹಿಂಭಾಗದಿಂದ ಹೊಗೆ ಏಳುತ್ತಿದೆ. ಕೆಳಗೆ ಬರಹ: "ಕೋಟಿ ರೂಪಾಯಿ ಕಾರು, ಹತ್ತು ಸಾವಿರ ಕಿಲೋಮೀಟರಿಗೇ ಕ್ಲಚ್ ಢಮಾರ್. ನಮ್ಮ ಹಳೇ ಕಾರು ಲಕ್ಷ ಓಡಿದರೂ ಕ್ಲಚ್ ಗಟ್ಟಿ. ಫಾರಿನ್ ಮಾಲು ಅಂದ್ರೆ ಇಷ್ಟೇ. ಎಲ್ಲರಿಗೂ ಕಳಿಸಿ."

ಅದರ ಬೆನ್ನಿಗೇ ಹಾಸನದಲ್ಲಿರುವ ಚಿಕ್ಕಪ್ಪನ ಮಗ ನನಗೆ ಬೇರೆಯಾಗಿ ಮೆಸೇಜ್ ಹಾಕಿದ. "ಅಣ್ಣಾ, ನನ್ನ ಕಾರಿನ ಕ್ಲಚ್ಚೂ ಸ್ಲಿಪ್ ಆಗ್ತಿದೆ. ರೇಸಿಂಗ್ ಕ್ಲಚ್ ಹಾಕಿಸಿಬಿಡು, ಆಮೇಲೆ ಜೀವಮಾನ ಪೂರ್ತಿ ಚಿಂತೆ ಇಲ್ಲ ಅಂತಿದ್ದಾರೆ. ಹಾಕಿಸ್ಲಾ?" ಅವನದು ಸ್ಪೋರ್ಟ್ಸ್ ಕಾರೇನಲ್ಲ, ಮಾಮೂಲಿ ಡೀಸೆಲ್ ಹ್ಯಾಚ್‌ಬ್ಯಾಕ್. ಆದರೆ ಹೋದ ವರ್ಷ ಇಂಜಿನ್ನಿನ ಕಂಪ್ಯೂಟರಿಗೆ 'ರೀಮ್ಯಾಪ್' ಮಾಡಿಸಿ ಪಿಕಪ್ ಹೆಚ್ಚಿಸಿಕೊಂಡಿದ್ದಾನೆ.

ವಿಡಿಯೊದ ಬರಹ ಪೂರ್ತಿ ಸುಳ್ಳಲ್ಲ. ಕೆಲವು ದುಬಾರಿ ಕಾರುಗಳ ಕ್ಲಚ್ ನಿಜಕ್ಕೂ ಹತ್ತು, ಹದಿನೈದು ಸಾವಿರ ಕಿಲೋಮೀಟರಿಗೆ ಬದಲಾಗುತ್ತದೆ. ಅದೇ ಮಾದರಿಯ ಇನ್ನೊಂದು ಕಾರು ಅದರ ಮೂರ್ನಾಲ್ಕು ಪಟ್ಟು ಓಡುವುದೂ ಇದೆ. ಮಾಲು ಕಳಪೆ ಎನ್ನುವ ಕಾರಣ ಮಾತ್ರ ತಪ್ಪು. ಆ ತಪ್ಪು ಕಾರಣವನ್ನು ನಂಬಿದವರಿಗೇ 'ಇನ್ನೂ ಗಟ್ಟಿ ಕ್ಲಚ್ ಹಾಕಿಸಿದರೆ ಸಾಕು' ಎಂಬ ಮುಂದಿನ ಮಾತನ್ನು ಮಾರುವುದು ಸುಲಭ.

ಬೈ-ಟು ಕಾಫಿಯ ಲೆಕ್ಕ

ಇಂಜಿನ್ ನಿಂತಲ್ಲಿಯೂ ತಿರುಗುತ್ತಿರಬೇಕು, ಚಕ್ರ ನಿಂತಿರಬೇಕು. ತಿರುಗುವ ಒಂದನ್ನು ನಿಂತಿರುವ ಇನ್ನೊಂದಕ್ಕೆ ನಿಧಾನವಾಗಿ ಜೋಡಿಸುವುದು ಕ್ಲಚ್‌ನ ಕೆಲಸ. ಇಂಜಿನ್ನಿಗೆ ಫ್ಲೈವೀಲ್ ಎಂಬ ಭಾರದ ಚಕ್ರವಿರುತ್ತದೆ. ಅದಕ್ಕೆ ಸ್ಪ್ರಿಂಗಿನ ಬಲದಿಂದ ಪ್ರೆಷರ್ ಪ್ಲೇಟ್ ಒತ್ತಿಕೊಂಡಿರುತ್ತದೆ. ಎರಡರ ನಡುವೆ ಸಿಕ್ಕಿಕೊಂಡಿರುವ ಕ್ಲಚ್ ಪ್ಲೇಟ್ ಗೇರ್‌ಬಾಕ್ಸಿಗೆ ಸೇರಿದ್ದು. ಪೆಡಲ್ ಒತ್ತಿದರೆ ಹಿಡಿತ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ.

ಪೂರ್ತಿ ಹಿಡಿದಿರುವಾಗ ಕ್ಲಚ್ ಸವೆಯುವುದೇ ಇಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಟಾಪ್ ಗೇರಿನಲ್ಲಿ ಓಡಿಸಿದ ನಾಲ್ಕುನೂರು ಕಿಲೋಮೀಟರಿನಲ್ಲಿ ಕ್ಲಚ್ ಪ್ಲೇಟಿಗೆ ಆಗುವ ನಷ್ಟ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ದಾಟುವಾಗ ಆಗುವುದಕ್ಕಿಂತ ಕಡಿಮೆ ಇದ್ದರೂ ಆಶ್ಚರ್ಯವಿಲ್ಲ. ಸವೆತ ಆಗುವುದು ಪೂರ್ತಿ ಹಿಡಿಯುವ ಮೊದಲು ಜಾರುತ್ತದಲ್ಲ, ಆ ಒಂದೆರಡು ಸೆಕೆಂಡಿನಲ್ಲಿ. ಆದ್ದರಿಂದ 'ಕ್ಲಚ್ ಎಷ್ಟು ಕಿಲೋಮೀಟರ್ ಬರುತ್ತದೆ' ಎಂಬ ಪ್ರಶ್ನೆಗೆ ಅರ್ಥ ಕಡಿಮೆ. ಎಷ್ಟು ಸಲ ಜಾರಿತು, ಜಾರಿದಾಗ ಎಷ್ಟು ಶಾಖ ಹುಟ್ಟಿತು ಎಂದು ಕೇಳಬೇಕು.

ಶಾಖದ ಲೆಕ್ಕ ಹೈಸ್ಕೂಲಿನ ಭೌತಶಾಸ್ತ್ರದಲ್ಲೇ ಇದೆ. ಇಂಜಿನ್ನಿನ ವೇಗವನ್ನು ಒಂದೇ ಮಟ್ಟದಲ್ಲಿ ಹಿಡಿದು, ಕಾರನ್ನು ನಿಂತಲ್ಲಿಂದ ಹೊರಡಿಸಿದೆವು ಎನ್ನಿ. ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಇಂಜಿನ್ ಕೊಟ್ಟ ಶಕ್ತಿಯಲ್ಲಿ ಸರಿಯಾಗಿ ಅರ್ಧ ಕಾರಿನ ಚಲನೆಗೆ ಹೋಗಿರುತ್ತದೆ, ಉಳಿದರ್ಧ ಕ್ಲಚ್‌ನಲ್ಲಿ ಶಾಖವಾಗಿರುತ್ತದೆ. ಅಂದರೆ ಕಾರು ಆ ಕ್ಷಣದಲ್ಲಿ ಎಷ್ಟು ಚಲನಶಕ್ತಿ ಪಡೆದಿದೆಯೋ ಅಷ್ಟೇ ಶಾಖವನ್ನು ಕ್ಲಚ್ ನುಂಗಿರುತ್ತದೆ.

1,500 ಕಿಲೋ ತೂಕದ ಕಾರನ್ನು ಮೆಲ್ಲಗೆ ಹೊರಡಿಸಿ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಕ್ಲಚ್ ಪೂರ್ತಿ ಹಿಡಿದರೆ ಹುಟ್ಟುವ ಶಾಖ ಸುಮಾರು 23 ಕಿಲೋಜೌಲ್. ಬೈ-ಟು ಕಾಫಿಯ ಒಂದು ಲೋಟದಷ್ಟು ನೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು. ಅದೇ ಕಾರನ್ನು ರೇಸಿನವರಂತೆ ಇಂಜಿನ್ ಗರ್ಜಿಸುತ್ತಿರುವಾಗಲೇ ಬಿಟ್ಟು, 50 ಕಿ.ಮೀ. ವೇಗದಲ್ಲಿ ಕ್ಲಚ್ ಹಿಡಿದರೆ? ವೇಗ ಎರಡೂವರೆ ಪಟ್ಟು, ಶಾಖ ಆರು ಪಟ್ಟಿಗೂ ಹೆಚ್ಚು. ಸುಮಾರು 145 ಕಿಲೋಜೌಲ್, ಅಂದರೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಕುದಿಯುವಷ್ಟು. ಇಷ್ಟೂ ಎರಡು ಸೆಕೆಂಡಿನಲ್ಲಿ, ಒಂದು ತಟ್ಟೆಯಗಲದ ಪ್ಲೇಟಿನ ಮೇಲ್ಮೈಯಲ್ಲಿ. ಆರದಂತೆ ಇದನ್ನೇ ಹತ್ತು ಸಲ ಮಾಡಿದರೆ ಸುತ್ತಲಿನ ಹತ್ತು ಕಿಲೋ ಕಬ್ಬಿಣವೂ 300 ಡಿಗ್ರಿಯಷ್ಟು ಬಿಸಿಯೇರಬಹುದು.

ಹಾಗಾದರೆ ರೇಸ್ ಮಾಡದವರಿಗೆ ಭಯವಿಲ್ಲ ಎಂದುಕೊಳ್ಳಬೇಡಿ. ಫ್ಲೈಓವರ್ ಏರಿನ ಮೇಲೆ ಟ್ರಾಫಿಕ್ ನಿಂತಿದೆ. ಕಾರು ಹಿಂದೆ ಜಾರದಿರಲೆಂದು ಬ್ರೇಕ್ ಹಿಡಿಯುವ ಬದಲು ಹಾಫ್ ಕ್ಲಚ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದಿದ್ದೀರಿ. ನೂರು ಮೀಟರಿಗೆ ಐದು ಮೀಟರ್ ಏರುವ ಇಳಿಜಾರಿನಲ್ಲಿ 1,500 ಕಿಲೋ ಕಾರನ್ನು ಹೀಗೆ ನಿಲ್ಲಿಸಿಕೊಂಡರೆ ಕ್ಲಚ್‌ನಲ್ಲಿ ಸುಮಾರು ಎರಡೂವರೆ ಕಿಲೋವಾಟ್ ಶಾಖ ಹುಟ್ಟುತ್ತಿರುತ್ತದೆ. ಸ್ನಾನದ ಮನೆಯ ಗೀಸರ್ ಕೂಡ ಹೆಚ್ಚುಕಡಿಮೆ ಇಷ್ಟೇ. ಒಂದು ನಿಮಿಷ ಹೀಗೆ ನಿಂತರೆ 150 ಕಿಲೋಜೌಲ್. ಕಾರು ಒಂದಡಿ ಮುಂದೆ ಹೋಗಿಲ್ಲ, ಮೀಟರಿನಲ್ಲಿ ಒಂದು ಅಂಕಿ ತಿರುಗಿಲ್ಲ, ಆದರೆ ಶಾಖದ ಲೆಕ್ಕದಲ್ಲಿ ಒಂದು ರೇಸ್ ಸ್ಟಾರ್ಟ್ ಮುಗಿದಿದೆ. (ಮೊತ್ತ ಒಂದೇ ಆದರೂ ಗಾಯ ಒಂದೇ ಅಲ್ಲ. ಎರಡು ಸೆಕೆಂಡಿನಲ್ಲಿ ಬಂದ ಶಾಖ ಮೇಲ್ಮೈಯನ್ನೇ ಸುಡುತ್ತದೆ, ಒಂದು ನಿಮಿಷದಲ್ಲಿ ಬಂದದ್ದು ಒಳಗೆಲ್ಲ ಹರಡಲು ಸಮಯ ಸಿಗುತ್ತದೆ.)

ಸ್ಪೋರ್ಟ್ಸ್ ಕಾರಿನ ನಿಜವಾದ ಕಷ್ಟ

ಈಗ ಆ ಕೆಂಪು ಕಾರಿಗೆ ಬರೋಣ. ಅದರ ಶತ್ರು ವೇಗ ಅಲ್ಲ, ನಿಧಾನ.

ನಮ್ಮ ಹ್ಯಾಚ್‌ಬ್ಯಾಕ್‌ಗಳ ಮೊದಲ ಗೇರು ತುಂಬ ಗಿಡ್ಡ. ಐಡ್ಲಿಂಗ್‌ನಲ್ಲೇ ಕ್ಲಚ್ ಪೂರ್ತಿ ಬಿಟ್ಟರೂ ಕಾರು ನಡಿಗೆಗಿಂತ ಸ್ವಲ್ಪ ಜೋರಾಗಿ ಉರುಳುತ್ತಿರುತ್ತದೆ. ಸ್ಪೋರ್ಟ್ಸ್ ಕಾರಿನ ಮೊದಲ ಗೇರು ಉದ್ದ. 8,000 ಆರ್‌ಪಿಎಂನಲ್ಲಿ 80 ಕಿ.ಮೀ. ಮುಟ್ಟುವ ಒಂದು ಗೇರನ್ನು ತೆಗೆದುಕೊಳ್ಳಿ. 1,000 ಆರ್‌ಪಿಎಂಗೆ ಅದು 10 ಕಿ.ಮೀ. ಓಡುತ್ತದೆ. ಜಾಮ್‌ನಲ್ಲಿ ಮುಂದಿನ ಆಟೊ ಹಿಂದೆ 5 ಕಿ.ಮೀ. ವೇಗದಲ್ಲಿ ತೆವಳಬೇಕಾದರೆ ಇಂಜಿನ್ 500 ಆರ್‌ಪಿಎಂಗೆ ಇಳಿಯಬೇಕು, ಅಷ್ಟರೊಳಗೆ ಅದು ನಿಂತೇಹೋಗುತ್ತದೆ. ಹಾಗಾಗಿ ಚಾಲಕನಿಗೆ ಬೇರೆ ದಾರಿಯಿಲ್ಲ. ತೆವಳುವಷ್ಟು ಹೊತ್ತೂ ಕ್ಲಚ್ ಜಾರುತ್ತಲೇ ಇರಬೇಕು.

ಇದರ ಜೊತೆಗೆ ಇಂಜಿನ್ ಸರಕ್ಕನೆ ಏರಿ ಸರಕ್ಕನೆ ಇಳಿಯಲೆಂದು ಫ್ಲೈವೀಲ್, ಕ್ಲಚ್ ಎಲ್ಲವನ್ನೂ ಹಗುರವಾಗಿ, ಚಿಕ್ಕದಾಗಿ ಮಾಡಿರುತ್ತಾರೆ. ಪೋರ್ಷೆ ಕಂಪನಿ 2003ರಿಂದ 2006ರವರೆಗೆ ತಯಾರಿಸಿದ ಕರೇರಾ ಜಿಟಿ ಇದರ ತುತ್ತತುದಿ. 5.7 ಲೀಟರಿನ ವಿ10 ಇಂಜಿನ್, 612 ಅಶ್ವಶಕ್ತಿ, 590 ನ್ಯೂಟನ್ ಮೀಟರ್ ಟಾರ್ಕ್. ಇಷ್ಟನ್ನು ಹಿಡಿದಿಡುವ ಕ್ಲಚ್‌ನ ವ್ಯಾಸ ಬರೀ 169 ಮಿಲಿಮೀಟರ್, ಒಂದು ಗೇಣಿಗಿಂತ ಕಡಿಮೆ. ಸಿರಾಮಿಕ್ ಮಿಶ್ರವಸ್ತುವಿನ ಎರಡು ಪ್ಲೇಟುಗಳನ್ನು ಒಂದರ ಹಿಂದೆ ಒಂದು ಕೂರಿಸಿ ಸಾಧಿಸಿದ್ದು ಅದು. ಕ್ಲಚ್ ಚಿಕ್ಕದಾದ್ದರಿಂದ ಇಂಜಿನ್ನನ್ನು ಇನ್ನೂ ಕೆಳಗೆ ಕೂರಿಸಲು ಆಯಿತು, ತಿರುವಿನಲ್ಲಿ ಕಾರು ನೆಲಕ್ಕೆ ಕಚ್ಚಿಕೊಂಡಿತು. ಆದರೆ ಆ ಕಾರನ್ನು ನಿಂತಲ್ಲಿಂದ ಹೊರಡಿಸುವುದು ನುರಿತವರಿಗೂ ಪರೀಕ್ಷೆ. ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅಭ್ಯಾಸಬಲದಿಂದ ಆಕ್ಸಿಲರೇಟರ್ ಒತ್ತಿದವರು ಒಂದೋ ಇಂಜಿನ್ ನಿಲ್ಲಿಸಿಕೊಂಡರು, ಇಲ್ಲವೇ ಕ್ಲಚ್ ಸುಟ್ಟುಕೊಂಡರು.

ಪೆಡಲ್ಲೇ ಇಲ್ಲದ ಕಾರಿನಲ್ಲಿ ಈ ತೊಂದರೆ ಇಲ್ಲ ಎಂಬುದು ಇನ್ನೊಂದು ನಂಬಿಕೆ. ಫೆರಾರಿ 1997ರಲ್ಲಿ 355 ಮಾದರಿಯಲ್ಲಿ ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ವ್ಯವಸ್ಥೆ ತಂದಿತು. ಲ್ಯಾಂಬೊರ್ಗಿನಿಯ ಗಲ್ಲಾರ್ಡೊದಲ್ಲಿ ಅಂಥದ್ದೇ ಇ-ಗೇರ್ ಇತ್ತು. ಇವುಗಳಲ್ಲಿ ಪೆಡಲ್ ಮಾತ್ರ ಮಾಯ, ಕ್ಲಚ್ ಅದೇ ಹಳೆಯ ಒಣ ಕ್ಲಚ್. ಕಾಲಿನ ಬದಲು ಹೈಡ್ರಾಲಿಕ್ ಪಂಪು ಅದನ್ನು ಒತ್ತುತ್ತದೆ, ಅಷ್ಟೇ. ಮಾಮೂಲಿ ಆಟೊಮ್ಯಾಟಿಕ್ ಎಂದುಕೊಂಡು ಏರಿನಲ್ಲಿ ಇಂಚಿಂಚೇ ಮುಂದೆ ಹೋದರೆ ಕಂಪ್ಯೂಟರ್ ವಿಧೇಯವಾಗಿ ಕ್ಲಚ್ಚನ್ನು ಜಾರಿಸುತ್ತಲೇ ಇರುತ್ತದೆ. ನೆಲಮಾಳಿಗೆಯ ಪಾರ್ಕಿಂಗಿನಿಂದ ರಿವರ್ಸ್‌ನಲ್ಲಿ ಏರು ಹತ್ತುವುದಂತೂ ಇವಕ್ಕೆ ಅತಿ ದೊಡ್ಡ ಶಿಕ್ಷೆ. ವಿಡಿಯೊದಲ್ಲಿ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಅದೇ.

ಎರಡು ಕ್ಲಚ್‌ಗಳಿರುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಂದ ಮೇಲೆ ಪರಿಸ್ಥಿತಿ ಬಹಳ ಸುಧಾರಿಸಿತು. ಮಾರಾಟದ ಕಾರುಗಳಲ್ಲಿ ಅದು ಮೊದಲು ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32ರಲ್ಲಿ. 2005ರ ಬುಗಾಟಿ ವೇರಾನ್ 1,250 ನ್ಯೂಟನ್ ಮೀಟರ್ ಟಾರ್ಕನ್ನು ಇಂಥ ಗೇರ್‌ಬಾಕ್ಸಿನ ಮೂಲಕವೇ ಚಕ್ರಕ್ಕೆ ದಾಟಿಸಿತು. ಶಕ್ತಿಶಾಲಿ ಕಾರುಗಳಲ್ಲಿ ಈ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಹುಟ್ಟಿದ ಶಾಖವನ್ನು ಎಣ್ಣೆ ಹೊತ್ತೊಯ್ಯುತ್ತದೆ. ಆದರೆ ಆ ಎಣ್ಣೆಗೂ ಆಯುಸ್ಸಿದೆ, ಹೇಳಿದ ಹೊತ್ತಿಗೆ ಬದಲಿಸದಿದ್ದರೆ ಒಳಗಿನ ಪ್ಲೇಟು ಮಾತ್ರವಲ್ಲ, ನಿಯಂತ್ರಣದ ವಾಲ್ವುಗಳೂ ಕೆಡುತ್ತವೆ. ಸಣ್ಣ ಕಾರುಗಳಲ್ಲಿ ಬರುವ ಒಣ ಡ್ಯುಯಲ್ ಕ್ಲಚ್‌ಗೆ ಈ ಎಣ್ಣೆಯ ರಕ್ಷಣೆಯೂ ಇಲ್ಲ. ತೆವಳುವ ಟ್ರಾಫಿಕ್ಕಿನಲ್ಲಿ ಅದು ಬಿಸಿಯೇರಿ ಎಚ್ಚರಿಕೆಯ ದೀಪ ಹೊತ್ತಿಸುವುದು ಅದಕ್ಕೇ.

'ಗಟ್ಟಿ ಕ್ಲಚ್' ಎಂದರೆ ಏನು ಗಟ್ಟಿ?

ಕ್ಲಚ್ ಎಷ್ಟು ಟಾರ್ಕ್ ಹಿಡಿಯಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಾಕಾರ. ಮೇಲ್ಮೈಯ ಘರ್ಷಣೆ, ಸ್ಪ್ರಿಂಗ್ ಒತ್ತುವ ಬಲ, ಪ್ಲೇಟಿನ ತ್ರಿಜ್ಯ, ಉಜ್ಜುವ ಮುಖಗಳ ಸಂಖ್ಯೆ. ಅಂಗಡಿಯವರು 'ಸ್ಟೇಜ್ 1, ಸ್ಟೇಜ್ 2, ಸ್ಟೇಜ್ 3' ಎಂದು ಮಾರುವುದೆಲ್ಲ ಇವುಗಳಲ್ಲಿ ಯಾವುದನ್ನೋ ಹೆಚ್ಚಿಸಿದ್ದು. ಈ ಸ್ಟೇಜುಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಒಬ್ಬರ ಸ್ಟೇಜ್ 2 ಇನ್ನೊಬ್ಬರ ಸ್ಟೇಜ್ 1 ಆಗಿರಬಹುದು. ಎಷ್ಟು ನ್ಯೂಟನ್ ಮೀಟರ್ ಹಿಡಿಯುತ್ತದೆ ಎಂಬ ಅಂಕಿಯನ್ನೇ ಕೇಳಿ.

ಕಂಪನಿಯಿಂದ ಬರುವ ಪ್ಲೇಟಿನ ಮೇಲಿನ ಪದರವನ್ನು ಆರ್ಗ್ಯಾನಿಕ್ ಎನ್ನುತ್ತಾರೆ. ನಾರು, ರಾಳ, ತಾಮ್ರದ ಎಳೆ ಸೇರಿಸಿ ಒತ್ತಿ ಮಾಡಿದ್ದು. ಮೆತ್ತಗೆ ಹಿಡಿಯುತ್ತದೆ, ಸದ್ದಿಲ್ಲ, ಬೆಲೆ ಕಡಿಮೆ. ಅತಿ ಶಾಖಕ್ಕೆ ಮಾತ್ರ ರಾಳ ಸುಟ್ಟು, ಮೇಲ್ಮೈ ಗಾಜಿನಂತೆ ನುಣುಪಾಗಿ, ಹಿಡಿತ ಹೋಗುತ್ತದೆ. ಮೂಗಿಗೆ ಬಡಿಯುವ ಆ ಸುಟ್ಟ ವಾಸನೆ ಇದರದ್ದೇ. (ಹಳೆಯ ಕಾರುಗಳ ಪ್ಲೇಟಿನಲ್ಲಿ ಕಲ್ನಾರು ಇರುತ್ತಿತ್ತು. ಯುರೋಪ್ ಒಕ್ಕೂಟ ಅದನ್ನು 2005ರಲ್ಲಿ ನಿಷೇಧಿಸಿತು, ಭಾರತದಲ್ಲಿ ಪೂರ್ತಿ ನಿಷೇಧವಿಲ್ಲ. ಕ್ಲಚ್ ಬಿಚ್ಚಿದಾಗ ಒಳಗಿನ ಕಪ್ಪು ಧೂಳನ್ನು ಗಾಳಿಯ ಪೈಪಿನಿಂದ ಊದುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿದೆ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುವುದು ಕ್ಷೇಮ.)

ಕೆವ್ಲಾರ್ ಎಂದು ಹೆಸರಾದ ಅರಾಮಿಡ್ ನಾರಿನ ಪ್ಲೇಟು ನಿಧಾನವಾಗಿ ಸವೆಯುತ್ತದೆ, ಹಿಡಿತವೂ ನಯ. ಆದರೆ ಹೊಸದರಲ್ಲಿ ನೂರಾರು ಕಿಲೋಮೀಟರ್ ಊರೊಳಗೆ ಸಮಾಧಾನದಿಂದ ಓಡಿಸಿ ಪಳಗಿಸಬೇಕು. ಹಾಕಿಸಿದ ದಿನವೇ ಹೈವೇಯಲ್ಲಿ ಪರೀಕ್ಷೆ ಮಾಡಿದರೆ ಅದರ ಕಥೆ ಮುಗಿದಂತೆ.

ನಮ್ಮಲ್ಲಿ 'ರೇಸಿಂಗ್ ಕ್ಲಚ್' ಎಂದು ಹೆಚ್ಚಾಗಿ ಮಾರುವುದು ಸಿರಾಮಿಕ್ ಮತ್ತು ಲೋಹದ ಪುಡಿ ಬೆಸೆದ ಬಿಲ್ಲೆಗಳ ಪ್ಲೇಟನ್ನು. ದುಂಡಗಿನ ಪೂರ್ತಿ ಪದರದ ಬದಲು ನಾಲ್ಕೋ ಆರೋ ಬಿಲ್ಲೆಗಳು ಸುತ್ತ ಇರುತ್ತವೆ. ಶಾಖಕ್ಕೆ ಇದು ಬಗ್ಗುವುದಿಲ್ಲ, ನಿಜ. ಆದರೆ ಇದಕ್ಕೆ ಅರ್ಧಂಬರ್ಧ ಹಿಡಿಯುವುದು ಬಾರದು. ಹಿಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಸಿಗ್ನಲ್ಲಿನಲ್ಲಿ ಕಾರು ಕುದುರೆಮರಿಯಂತೆ ಎಗರುತ್ತದೆ, ಪಕ್ಕದಲ್ಲಿ ಕೂತವರು ಎರಡನೇ ಸಲ ಬರುವುದಿಲ್ಲ. ಬಿಲ್ಲೆ ಸವೆಯದಿದ್ದರೂ ಅದು ಉಜ್ಜುವ ಫ್ಲೈವೀಲ್ ಸವೆಯುತ್ತದೆ. ರೇಸಿನಲ್ಲಿ ಇದು ನಡೆಯುತ್ತದೆ, ಏಕೆಂದರೆ ಅಲ್ಲಿ ಕಾರು ನಿಂತಲ್ಲಿಂದ ಹೊರಡುವುದು ಒಂದೇ ಸಲ. ದಿನಕ್ಕೆ ಇನ್ನೂರು ಸಲ ನಿಂತು ಹೊರಡುವ ಊರಿಗೆ ಮಾಡಿದ ವಸ್ತುವಲ್ಲ ಇದು.

ಸ್ಪ್ರಿಂಗ್ ಬಲ ಹೆಚ್ಚಿಸಿದ ಪ್ರೆಷರ್ ಪ್ಲೇಟು ಹಾಕಿದರೆ ಪೆಡಲ್ ಕಲ್ಲಿನಂತಾಗುತ್ತದೆ. ಎಡ ಮೊಣಕಾಲಿಗೆ ನೋವು, ರಿಲೀಸ್ ಬೇರಿಂಗಿಗೆ ಭಾರ. ಪ್ರತಿ ಸಲ ಪೆಡಲ್ ಒತ್ತಿದಾಗಲೂ ಆ ಬಲ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ತಳ್ಳುತ್ತದೆ, ಅಲ್ಲಿನ ಬೇರಿಂಗ್ ಸವೆದರೆ ಕ್ಲಚ್ ಉಳಿಸಲು ಹೋಗಿ ಇಂಜಿನ್ ಬಿಚ್ಚಿದಂತಾಗುತ್ತದೆ. ನನ್ನ ದೃಷ್ಟಿಯಲ್ಲಿ ನಿಜವಾಗಿ ಶಕ್ತಿ ಹೆಚ್ಚಿರುವ ಕಾರಿಗೆ ಒಳ್ಳೆಯ ದಾರಿ ಎರಡು ಪ್ಲೇಟಿನ ಕ್ಲಚ್. ಮುಖಗಳು ಎರಡರ ಬದಲು ನಾಲ್ಕಾಗುವುದರಿಂದ ಅದೇ ಪೆಡಲ್ ಬಲಕ್ಕೆ ಹಿಡಿತ ದುಪ್ಪಟ್ಟು. ಬೆಲೆಯೂ ಹೆಚ್ಚುಕಡಿಮೆ ಹಾಗೆಯೇ ಏರುತ್ತದೆ, ಎಲ್ಲ ಕಾರಿಗೂ ಸಿಗುವುದಿಲ್ಲ. ಕಾರ್ಬನ್ ಕ್ಲಚ್‌ಗಳು ಇನ್ನೂ ಮೇಲಿನ ಮಾತು. ಬಿಸಿಯಾದಷ್ಟೂ ಅವು ಚೆನ್ನಾಗಿ ಹಿಡಿಯುತ್ತವೆ, ತಣ್ಣಗಿದ್ದಾಗ ಜಾರುತ್ತವೆ. ರೇಸ್ ತಂಡಗಳಿಗೆ ಸರಿ.

ಒಂದು ಮಾತನ್ನು ಮಾರುವವರು ಹೇಳುವುದಿಲ್ಲ. ಕ್ಲಚ್ ಒಂದು ಫ್ಯೂಸ್ ಇದ್ದಂತೆ. ಪದೇಪದೇ ಫ್ಯೂಸ್ ಹೋಗುತ್ತದೆಂದು ದಪ್ಪ ತಂತಿ ಕಟ್ಟಿದರೆ ಮನೆಯ ವೈರಿಂಗೇ ಸುಡುವುದು ನಮಗೆಲ್ಲ ಗೊತ್ತು. ಟಾರ್ಕ್ ಅತಿಯಾದಾಗ ಜಾರಿ ಕೊಡುತ್ತಿದ್ದ ಕ್ಲಚ್ ಇನ್ನು ಜಾರದಿದ್ದರೆ ಆ ಪೆಟ್ಟು ಗೇರಿನ ಹಲ್ಲಿಗೆ, ಡ್ರೈವ್ ಶಾಫ್ಟಿಗೆ ಹೋಗುತ್ತದೆ. ಅಗ್ಗದ, ಗುರುತಿಲ್ಲದ ಫ್ಲೈವೀಲ್ ಹಾಕಿಸಿಕೊಳ್ಳುವವರು ಇನ್ನೊಂದನ್ನೂ ಯೋಚಿಸಬೇಕು. ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುವ ಆ ಕಬ್ಬಿಣ ಬಹಳಷ್ಟು ಕಾರುಗಳಲ್ಲಿ ಚಾಲಕನ ಕಾಲಿನಿಂದ ಹೆಚ್ಚು ದೂರವಿರುವುದಿಲ್ಲ. ಅಮೆರಿಕದ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ 1970ರಲ್ಲಿ ಕ್ಯಾಲಿಫೋರ್ನಿಯಾದ ಲಯನ್ಸ್ ಟ್ರ್ಯಾಕಿನಲ್ಲಿ ಗೇರ್‌ಬಾಕ್ಸ್ ಸಿಡಿದು ಬಲ ಪಾದದ ಒಂದು ಭಾಗವನ್ನೇ ಕಳೆದುಕೊಂಡರು. ಡ್ರ್ಯಾಗ್ ರೇಸಿನಲ್ಲಿ ಕ್ಲಚ್, ಫ್ಲೈವೀಲ್‌ಗಳಿಗೆ ಸುರಕ್ಷತಾ ಪ್ರಮಾಣಪತ್ರ ಕೇಳುವುದು ಸುಮ್ಮನೆ ಅಲ್ಲ.

ಬಿಚ್ಚಿಸುವ ಮೊದಲು

ಜಾರುವ ಕ್ಲಚ್ಚನ್ನು ಕಂಡುಹಿಡಿಯುವುದು ಸುಲಭ. ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ 50 ಕಿ.ಮೀ. ಆಸುಪಾಸು ಹೋಗುತ್ತ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಮತ್ತು ಆರ್‌ಪಿಎಂ ಏರಿ, ಕಾರಿನ ವೇಗ ಅದಕ್ಕೆ ತಕ್ಕಂತೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಡುವ ಪರೀಕ್ಷೆಯನ್ನು ಕೆಲವರು ಪದೇಪದೇ ಮಾಡುತ್ತಾರೆ, ಅದರಿಂದ ಉಳಿದ ಕ್ಲಚ್ಚೂ ಹೋಗುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಗರಗರ ಸದ್ದು ಬಂದರೆ ರಿಲೀಸ್ ಬೇರಿಂಗ್ ನೋಡಿಸಬೇಕು. ಇಂಜಿನ್ ಹಿಂದಿನ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿದ್ದರೆ, ಸೀಲ್ ಬದಲಿಸದೆ ಎಷ್ಟು ದುಬಾರಿ ಪ್ಲೇಟ್ ಹಾಕಿದರೂ ದಂಡ.

ಕೆಲಸದ ಮುಕ್ಕಾಲು ಪಾಲು ಗೇರ್‌ಬಾಕ್ಸ್ ಇಳಿಸಿ ಏರಿಸುವುದೇ. ಆದ್ದರಿಂದ ಪ್ಲೇಟ್ ಒಂದನ್ನೇ ಬದಲಿಸಿ ಉಳಿಸುವ ಹಣ ಉಳಿತಾಯವಲ್ಲ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಸೆಟ್ಟಾಗಿ ಹಾಕಿಸಿ, ಫ್ಲೈವೀಲ್ ಮೇಲೆ ನೀಲಿ ಕಲೆ ಅಥವಾ ಸಣ್ಣ ಬಿರುಕು ಇದೆಯೇ ಎಂದು ನಿಂತು ನೋಡಿ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವ ಅದೃಷ್ಟವಂತರಾಗಿದ್ದರೆ ಕಿಲೋಮೀಟರ್ ನೋಡಿ ಖುಷಿಪಡಬೇಡಿ. ಪ್ಯಾಡಲ್ ಗೇರಿನ ಫೆರಾರಿ, ಲ್ಯಾಂಬೊರ್ಗಿನಿಗಳ ಕಂಪ್ಯೂಟರ್ ಕ್ಲಚ್ ಎಷ್ಟು ಸವೆದಿದೆ ಎಂದು ಲೆಕ್ಕ ಇಟ್ಟಿರುತ್ತದೆ. ಸ್ಕ್ಯಾನರ್ ಹಾಕಿಸಿ ಆ ಅಂಕಿಯ ಪ್ರಿಂಟ್ ಕೇಳಿ, ಕೊಡಲು ಹಿಂಜರಿದರೆ ಬೆಲೆಯಲ್ಲಿ ಒಂದು ಹೊಸ ಕ್ಲಚ್ ಕಳೆದು ಮಾತಾಡಿ.

ನನ್ನ ತಮ್ಮನ ಕಾರಿಗೆ ಬಂದರೆ, ಅವನ ಕ್ಲಚ್ ಹಾಳಾದದ್ದು ರೀಮ್ಯಾಪಿನಿಂದ. ಡೀಸೆಲ್ ಟರ್ಬೊ ಇಂಜಿನ್ ಎರಡು ಸಾವಿರ ಆರ್‌ಪಿಎಂನಲ್ಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಕಂಪನಿಯವರು ಕ್ಲಚ್‌ಗೆ ಸ್ವಲ್ಪ ಹೆಚ್ಚಿನ ಶಕ್ತಿ ಇಟ್ಟಿರುತ್ತಾರೆ, ಅದನ್ನು ರೀಮ್ಯಾಪ್ ತಿಂದುಹಾಕಿತ್ತು. ಶಿರಾಡಿ ಘಾಟಿಯಲ್ಲಿ ಐದನೇ ಗೇರಿನಲ್ಲೇ ಲಾರಿ ಹಿಂದೆ ಹಾಕಲು ಒತ್ತಿದಾಗಲೆಲ್ಲ ಪ್ಲೇಟು ಜಾರುತ್ತಿತ್ತು. "ಟಾರ್ಕನ್ನು ಕಂಪನಿ ಮಟ್ಟಕ್ಕೆ ಇಳಿಸಿ ಕಂಪನಿ ಕ್ಲಚ್ ಸೆಟ್ಟೇ ಹಾಕಿಸು. ಇಲ್ಲ ಪಿಕಪ್ ಬೇಕೇ ಬೇಕು ಅಂದ್ರೆ, ಎಷ್ಟು ನ್ಯೂಟನ್ ಮೀಟರ್ ತಾಳುತ್ತೆ ಅಂತ ಬರೆದುಕೊಡೋ ಆರ್ಗ್ಯಾನಿಕ್ ಸೆಟ್ ಹುಡುಕು. ಆರು ಬಿಲ್ಲೆಯದ್ದು ಮಾತ್ರ ಬೇಡ" ಎಂದು ಬರೆದೆ.

ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು. "ಸರಿ ಅಣ್ಣಾ. ಆದ್ರೆ ಅಪ್ಪ ಸಿಗ್ನಲ್ಲಲ್ಲೂ ಕ್ಲಚ್ ಮೇಲಿಂದ ಕಾಲು ತೆಗೆಯಲ್ಲ, ಅದಕ್ಕೇನು ಮಾಡೋದು?"